ಸೊಟ್ಟಗಾಗದ ಬಾಟಲಿ

ಬಾಟಲಿ ಇನ್ಸ್‌ಪೆಕ್ಟರರ ಮೇಜಿನ ಮೇಲೆ ನೆಟ್ಟಗೆ ನಿಂತಿತ್ತು. ಪ್ಲಾಸ್ಟಿಕ್ ಚೀಲದೊಳಗೆ, ಅರಗಿನ ಮೊಹರಿನ ಕೆಳಗೆ. ತಳದಲ್ಲಿ ಒಂದಿಷ್ಟು ಮಾವಿನಕಾಯಿ ಪಾನಕ ಇನ್ನೂ ಉಳಿದಿತ್ತು. ಮಿಕ್ಕಿದ್ದನ್ನು ಕುಡಿದ ಸುಶಾಂತ ಉಳಿದಿರಲಿಲ್ಲ.

ಇನ್ಸ್‌ಪೆಕ್ಟರ್ ಬಾಟಲಿಯ ತಲೆಯ ಮೇಲೆ ಪೆನ್ನಿನಿಂದ ತಟ್ಟಿ, ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ, ಹಸಿರು ಮುಚ್ಚಳ ನೋಡಿ ಮೇಡಂ, ಇನ್ನೇನು ಬೇಕು ಎಂದರು. ಹರ್ಷಧಾರಾ ಕಾರ್ಖಾನೆಯಲ್ಲಿ ಪಾನಕ ತುಂಬುವ ಒಂದೊಂದು ಮೇಜಿಗೂ ಒಂದೊಂದು ಬಣ್ಣದ ಮುಚ್ಚಳ. ಸೋರಿದರೆ ಯಾರ ಕೈಯಿಂದ ಬಂದದ್ದು ಅಂತ ತಿಳಿಯಲಿ ಎಂದು ಮಾಡಿದ ಏರ್ಪಾಟು. ಹಸಿರು, ಕೊಲೆಯ ಆರೋಪದಲ್ಲಿ ಒಳಗಿದ್ದ ಶಂಕ್ರಮ್ಮನ ಮೇಜಿನದು.

ಅವಳ ಕೋಣೆಯಲ್ಲಿ ತಗಣಿ ಕಾಟಕ್ಕೆ ಅಂತ ಊರಿನಿಂದ ತಂದಿಟ್ಟ, ಹತ್ತಿ ಬೆಳೆಗೆ ಹೊಡೆಯುವ ಔಷಧಿ ಸಿಕ್ಕಿತ್ತು. ಪಾನಕದಲ್ಲಿದ್ದ ವಿಷವೂ ಅದೇ ಜಾತಿಯದು. ಸುಶಾಂತ ಅಲ್ಲಿ ಮಾಲಿನ ಗುಣಮಟ್ಟ ನೋಡುತ್ತಿದ್ದವನು. ಸಾಯುವುದಕ್ಕೆ ಕೆಲವು ದಿನ ಮೊದಲು ಅವಳ ಮೇಜಿನ ಕೆಲಸ ನಿಲ್ಲಿಸಿ, ಎಲ್ಲರೆದುರು ಅವಳನ್ನು ಗದರಿದ್ದ. ಅವಳು ನಿನ್ನ ಬಾಯಾಗ ಮಣ್ಣ ಬೀಳಲಿ ಅಂದಿದ್ದಳು. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಯಾದಗಿರಿ ಕಡೆಯ ಹೆಂಗಸರು ನೀರು ಬಾರದ ನಲ್ಲಿಗೂ ಇದೇ ಶಾಪ ಹಾಕುತ್ತಾರೆ, ಅದಕ್ಕಾಗಿ ಯಾವ ನಲ್ಲಿಯೂ ಸತ್ತಿಲ್ಲ ಎಂದೆ ನಾನು. ಇನ್ಸ್‌ಪೆಕ್ಟರ್ ನಕ್ಕರು. ಅವರ ನಗು ನೋಡಿ ನನಗೆ ಮೈ ಉರಿಯಿತು. ಬಡವರು ಸಿಕ್ಕಿಬಿದ್ದಾಗ ಈ ಇಲಾಖೆಯವರ ಮುಖಕ್ಕೆ ಒಂದು ನೆಮ್ಮದಿ ಬರುತ್ತದೆ, ಮನೆಗೆ ಬೇಗ ಹೋಗಬಹುದಲ್ಲ ಎಂಬ ನೆಮ್ಮದಿ.

ಶಂಕ್ರಮ್ಮನನ್ನು ಅವತ್ತು ಮಧ್ಯಾಹ್ನ ಕೋರ್ಟಿಗೆ ಕರೆತರುವವರಿದ್ದರು. ಜಾಮೀನು ತಪ್ಪಿದರೆ ವಿಚಾರಣೆ ಮುಗಿಯುವವರೆಗೂ ಅವಳು ಒಳಗೇ. ಅವಳ ತಂಗಿ ಸಾಬಮ್ಮ ದಿಲ್‌ಸುಖ್‌ನಗರದ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದು, ಪಕ್ಕದ ಕೋಚಿಂಗ್ ಸೆಂಟರಿನ ಮಕ್ಕಳ ನಡುವೆ ನೆಲದ ಮೇಲೇ ಕೂತು ಅತ್ತ ದಿನವೇ ನಾನು ಈ ಕೇಸು ಹಿಡಿದಿದ್ದೆ. ಪತ್ತೇದಾರಳ ಬಾಗಿಲಿಗೆ ಜನ ಬರುವುದು ಗಂಡನ ಮೇಲಿನ ಅನುಮಾನಕ್ಕೆ. ಅಕ್ಕನ ಮೇಲಿನ ನಂಬಿಕೆಗೆ ಬಂದವಳು ಇವಳೊಬ್ಬಳೇ.

ಹೊರಡುವ ಮುಂಚೆ ಬಾಟಲಿಯನ್ನು ಚೀಲದ ಸಮೇತ ಎತ್ತಿ ಬೆಳಕಿಗೆ ಹಿಡಿದೆ. ತಳದಿಂದ ಕತ್ತಿನವರೆಗೂ ತಿಳಿಯಾದ ಪ್ಲಾಸ್ಟಿಕ್. ಎಲ್ಲೂ ಗೀರಿಲ್ಲ, ತಗ್ಗಿಲ್ಲ. ಮತ್ತೆ ಮೇಜಿನ ಮೇಲಿಟ್ಟೆ. ಅಲುಗಾಡದೆ ನಿಂತಿತು. ಅದರಲ್ಲಿ ನೋಡಬೇಕಾದದ್ದು ಏನೂ ಕಾಣಲಿಲ್ಲ, ಇಟ್ಟು ಹೊರಟೆ.

ಶಂಶಾಬಾದ್ ದಾಟಿ ಕಾರ್ಖಾನೆಯ ಗೇಟು ಮುಟ್ಟುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಸಾಬಮ್ಮ ಆಗಲೇ ಹೊರಗೆ ಬರುತ್ತಿದ್ದಳು. ಅವಳೂ ಅಲ್ಲೇ ಕೆಲಸ ಮಾಡುವವಳು, ಲೇಬಲ್ ಹಚ್ಚುವ ಕಡೆ. ಬಗಲಲ್ಲಿ ಬಟ್ಟೆಯ ಚೀಲ, ತುಂಬಿ ಬಿರಿಯುವಂತಿತ್ತು. ಕೋರ್ಟಿಗೆ ಹೊರಟಿದ್ದೇನೆ, ಸಾಹೇಬರು ಕೇಳಿದ ಕೂಡಲೇ ರಜೆ ಕೊಟ್ಟರು ಎಂದಳು. ಸಾಹೇಬರು ಎಂದರೆ ಮ್ಯಾನೇಜರ್ ಹೇಮಂತ ಅಂದುಕೊಂಡೆ.

ಚೀಲದಲ್ಲಿ ಏನು ಎಂದು ಕೇಳಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪೇಪರಿನಲ್ಲಿ ಸುತ್ತಿದ ಒಂದು ಬಾಟಲಿ ಪಾನಕ. ಅಕ್ಕನಿಗೆ. ಕೋರ್ಟಿನ ಪಡಸಾಲೆಯಲ್ಲಿ ಹೆಣ್ಣು ಪೊಲೀಸಿನವರು ಕನಿಕರ ಮಾಡಿದರೆ ತಿನ್ನಲು ಬಿಡುತ್ತಾರಂತೆ.

"ಜೈಲಿನ ಅನ್ನ ಆಕೀಗೆ ಸೇರವಲ್ದು ರೀ ಬಾಯಾರ," ಎಂದಳು. "ಮೈಯಾಗ ಬರೇ ಎಲುಬು ಉಳದಾವ."

ನನ್ನ ಆಟೋವನ್ನೇ ಅವಳಿಗೆ ಬಿಟ್ಟುಕೊಟ್ಟು ಒಳಗೆ ಹೋದೆ.

ಪಾನಕ ತುಂಬುವ ಹಾಲ್‌ನಲ್ಲಿ ಕಾಲಿಟ್ಟೊಡನೆ ಬೆಂದ ಮಾವಿನಕಾಯಿ, ಹುರಿದ ಜೀರಿಗೆಯ ಘಮ ಮೂಗಿಗೆ ಹೊಡೆಯಿತು. ದೊಡ್ಡ ಸ್ಟೀಲ್ ಕಡಾಯಿಯಲ್ಲಿ ಕುದಿದ ಪಾನಕ ಕೊಳವೆಯಲ್ಲಿ ಮೇಜುಗಳಿಗೆ ಬರುತ್ತದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡ ಹೆಂಗಸರು ಬಿಸಿಬಿಸಿಯನ್ನೇ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಳ ತಿರುಗಿಸಿ, ಕಟ್ಟಿಗೆಯ ಹಲಗೆಯ ಮೇಲೆ ಅಡ್ಡ ಮಲಗಿಸುತ್ತಾರೆ. ಒಳಗಿನ ಬಿಸಿ ಮುಚ್ಚಳಕ್ಕೂ ತಾಗಿ ಅಲ್ಲಿದ್ದ ಕ್ರಿಮಿಗಳೂ ಸಾಯಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ತಣ್ಣೀರು ಚಿಮುಕಿಸುತ್ತಾರೆ. ಬಿಸಿಯಲ್ಲಿ ತುಂಬಿ ಮುಚ್ಚಿದ ಮಾಲು ತಿಂಗಳುಗಟ್ಟಲೆ ಕೆಡದಿರುವುದರ ಗುಟ್ಟು ಇಷ್ಟೇ.

ಶಂಕ್ರಮ್ಮನ ಜಾಗದಲ್ಲಿ ಗುರುದೇವಿ ಎಂಬ ಗಟ್ಟಿಗಿತ್ತಿ ನಿಂತಿದ್ದಳು. ಪಕ್ಕದಲ್ಲಿ ಹಸಿರು ಮುಚ್ಚಳದ ಮೂಟೆ ಬಾಯಿ ತೆರೆದುಕೊಂಡು ಬಿದ್ದಿತ್ತು, ಹೋಗುವವರು ಬರುವವರು ಯಾರು ಬೇಕಾದರೂ ಕೈ ಹಾಕುವ ಹಾಗೆ. ಪೊಲೀಸರ ದೊಡ್ಡ ಸಾಕ್ಷಿ ಈ ಮೂಟೆಯ ಒಂದು ಮುಚ್ಚಳ. ಇಲ್ಲಿಗೆ ಬಂದವರು ಯಾರಾದರೂ ಇದನ್ನು ಕಣ್ಣು ಬಿಟ್ಟು ನೋಡಿದ್ದರೋ ಇಲ್ಲವೋ, ದೇವರೇ ಬಲ್ಲ.

ಗುರುದೇವಿ ತಣಿದ ಬಾಟಲಿಗಳನ್ನು ಎತ್ತಿ ನಿಲ್ಲಿಸತೊಡಗಿದಳು. ಮೊದಲನೆಯದು ಎಡಕ್ಕೆ ವಾಲಿತು. ಎರಡನೆಯದರ ಹೆಗಲು ಕುಸಿದಿತ್ತು. ಇನ್ನೊಂದರ ತಳ ಉಬ್ಬಿ, ನಿಲ್ಲಿಸಿದರೆ ತೊಟ್ಟಿಲ ಹಾಗೆ ತೂಗುತ್ತಿತ್ತು. ಕತ್ತು ಡೊಂಕಾದವು ಅದೆಷ್ಟೋ.

ಎಲ್ಲವೂ ಹೀಗೇ ಏನು ಎಂದು ಕೇಳಿದೆ. ಎಲ್ಲವೂ ಹೀಗೇ, ಎಂದಳು ಅವಳು, ಕೈ ನಿಲ್ಲಿಸದೆ. ಮೊದಲು ಬಿಳಿ ಕತ್ತಿನ ದಪ್ಪ ಬಾಟಲಿ ಬರುತ್ತಿದ್ದವು, ಅವು ಬಿಸಿಗೆ ಜಗ್ಗುತ್ತಿರಲಿಲ್ಲ. ಮ್ಯಾನೇಜರ್ ಸಾಹೇಬರು ಅವನ್ನು ನಿಲ್ಲಿಸಿ ಈ ತೆಳ್ಳನೆಯವನ್ನು ತರಿಸಿದ ಮೇಲೆ ಒಂದೂ ನೆಟ್ಟಗೆ ಬರುವುದಿಲ್ಲ. ಸ್ವಲ್ಪ ಸೊಟ್ಟಗಾದವಕ್ಕೆ ಬಣ್ಣದ ಲೇಬಲ್ ಸುತ್ತಿ ಅಂಗಡಿಗೆ ಕಳಿಸುತ್ತಾರೆ. ತೀರಾ ಸೊಟ್ಟಗಾದವನ್ನು ಕೆಲಸದವರಿಗೆ ಕೊಟ್ಟುಬಿಡುತ್ತಾರೆ. ಅದು ಅಲ್ಲಿನ ರೂಢಿ.

ಕುಡಿಯುವ ನೀರಿನ ಬಾಟಲಿಗೆ ಕುದಿಯುವ ನೀರು ಸುರಿದವರಿಗೆಲ್ಲ ಗೊತ್ತು, ಕೈಯಲ್ಲೇ ಮುದುಡಿ ಹೋಗುತ್ತದೆ. ನಾನೂ ಒಮ್ಮೆ ಕಷಾಯ ಸುರಿದು ಅಡಿಗೆಮನೆಯೆಲ್ಲ ತೊಳೆದವಳು. ಆದರೂ ಆ ಹಲಗೆಯ ಮುಂದೆ ನಿಂತು, ವಾಲಿದ ಬಾಟಲಿಗಳ ಸಾಲು ನೋಡುವವರೆಗೆ ಪೊಲೀಸ್ ಠಾಣೆಯ ಬಾಟಲಿ ನನಗೆ ಏನೂ ಹೇಳಿರಲಿಲ್ಲ.

ಅದು ನೆಟ್ಟಗಿತ್ತು. ಕತ್ತು ಬಿಳಿಯಲ್ಲ, ತಿಳಿ. ಅಂದರೆ ಹಳೆಯ ದಪ್ಪ ಬಾಟಲಿಯೂ ಅಲ್ಲ, ಈಗಿನ ತೆಳ್ಳನೆಯದೇ. ತೆಳ್ಳನೆಯದು ನೆಟ್ಟಗಿದೆ ಎಂದರೆ ಅದರೊಳಗೆ ಬಿಸಿ ಪಾನಕ ಬಿದ್ದೇ ಇಲ್ಲ. ತಣ್ಣಗಾದ ಮೇಲೆ ಯಾರೋ ಬೇರೆ ಕಡೆ ಕೂತು ತುಂಬಿದ್ದಾರೆ. ಶಂಕ್ರಮ್ಮ ಇಡೀ ದಿನ ಮುಟ್ಟುವುದು ಕೈ ಸುಡುವ ಪಾನಕ. ಅವಳ ಮೇಜಿನಿಂದ ನೆಟ್ಟಗಿನ ಬಾಟಲಿ ಹೊರಬೀಳಲು ಸಾಧ್ಯವೇ ಇರಲಿಲ್ಲ.

ಖುಷಿಪಡಬೇಕಾದ ಹೊತ್ತು. ನನಗೆ ಬಂದದ್ದು ಸಿಟ್ಟು. ಸುಶಾಂತನೂ ಅವತ್ತು ಶಂಕ್ರಮ್ಮನ ಮೇಜು ನಿಲ್ಲಿಸಿದ್ದು ಇದಕ್ಕೇ. ಕತ್ತು ಸೊಟ್ಟಗಾದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಗಾಳಿ ಹೊಕ್ಕು ಪಾನಕ ಕೆಡುತ್ತದೆ. ಯಾವುದೋ ಹಾಸ್ಟೆಲಿನ ಹುಡುಗಿಯರು ಕುಡಿದು ವಾಂತಿ ಮಾಡಿಕೊಂಡಿದ್ದರು ಎಂದು ಗುರುದೇವಿಯೇ ಹೇಳಿದಳು. ಅವನು ಬೈದದ್ದು ಬಾಟಲಿಯನ್ನು. ಶಂಕ್ರಮ್ಮ ತನ್ನನ್ನೇ ಬೈದ ಅಂದುಕೊಂಡಳು. ಒಂದೇ ಕಡೆ ನಿಲ್ಲಬೇಕಾದ ಇಬ್ಬರು ಎದುರುಬದುರು ನಿಂತರು, ಅದನ್ನು ನೋಡುತ್ತಿದ್ದ ಮೂರನೆಯವನಿಗೆ ದಾರಿ ಸಿಕ್ಕಿತು.

ಮತ್ತೊಂದು ಮಾತು ನೆನಪಾಯಿತು. ಸುಶಾಂತನ ಹೆಂಡತಿ ಸಂಪದಾಳನ್ನು ನಾನು ಮಾತನಾಡಿಸಿದಾಗ, ಸತ್ತ ದಿನ ಸಂಜೆ ನಮ್ಮ ಯಜಮಾನರು ಬಾಟಲಿಯನ್ನು ಊಟದ ಮೇಜಿನ ಮೇಲಿಟ್ಟು ನಕ್ಕಿದ್ದರು ಎಂದಿದ್ದಳು. 'ಇವತ್ತ ಆಫೀಸಿನ್ಯಾಗ ನನಗೂ ಮರ್ಯಾದಿ ಸಿಕ್ತು ನೋಡು' ಅಂದಿದ್ದರಂತೆ. ಒಂದು ಬಾಟಲಿ ಪಾನಕದಲ್ಲಿ ಎಂಥ ಮರ್ಯಾದೆಯೋ ಅವಳಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಸೊಟ್ಟ ಬಾಟಲಿ ಕೆಲಸದವರಿಗೆ. ಹಾಗಾದರೆ ನೆಟ್ಟಗಿನದು ಯಾರಿಗೆ?

ಮೂಲೆಯ ಚೀಲದಿಂದ ಹೊಸ ಖಾಲಿ ಬಾಟಲಿಯೊಂದನ್ನು ಎತ್ತಿಕೊಂಡು ಮಾಲೀಕರ ಕೋಣೆಗೆ ನಡೆದೆ.

ಶ್ರೀನಿವಾಸರು ಎದ್ದು ನಿಂತು ಬರಮಾಡಿಕೊಂಡರು. ಕಲಬುರಗಿ ಕಡೆಯಿಂದ ಅಜ್ಜನ ಕಾಲಕ್ಕೇ ಬಂದು ಇಲ್ಲಿ ನೆಲೆ ನಿಂತ ಮನೆತನ, ತಂದೆ ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದವರು. ಇವರ ಬಾಯಿಂದ ಒಂದು ಬಿರುಸು ಮಾತು ಬಂದದ್ದನ್ನು ಯಾರೂ ಕೇಳಿಲ್ಲ ಎಂದು ಕಾರ್ಖಾನೆಯಲ್ಲಿ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದೊಂದು ಗುಣವೇ ಅಲ್ಲ. ಬೈಯುವ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡವರಿಗೆ ಮೆತ್ತಗೆ ಮಾತನಾಡುವುದು ಸುಲಭ.

"ಕೂಡ್ರಿ ವಿಶಾಲಾಕ್ಷಿಬಾಯಿ. ಬಿಸಿಲು ಭಾಳ ಅದ. ಚಹಾ ತಗೊಳ್ರಿ," ಎಂದು ಪಕ್ಕದ ಕೆಟಲ್ ಹಚ್ಚಿದರು. ಹೇಮಂತ ಎಲ್ಲಿ ಎಂದರೆ, ಪಾರ್ಸೆಲ್ ಬುಕ್ ಮಾಡಿಸಲು ಬೆಳಿಗ್ಗೆಯೇ ಸಿಕಂದರಾಬಾದ್ ಸ್ಟೇಷನ್ನಿಗೆ ಹೋಗಿದ್ದಾನೆ, ಸಂಜೆಗೆ ಬರುತ್ತಾನೆ ಎಂದರು. ಹೇಮಂತ ಅವರ ತಂಗಿಯ ಗಂಡ. ಬಾಟಲಿ ಖರೀದಿ ಎಲ್ಲ ಅವನದೇ.

ಅವರ ಬೆನ್ನ ಹಿಂದೆ ಗಾಜಿನ ಕಪಾಟಿತ್ತು. ನಾನು ಚಹಾ ಮರೆತು ಅದನ್ನೇ ನೋಡಿದೆ. ಹಾರ ಹಾಕಿದ ಗುರುರಾಯರ ಫೋಟೋದ ಕೆಳಗೆ ಪಾನಕದ ಬಾಟಲಿಗಳ ಸಾಲು. ಒಂದೂ ವಾಲಿರಲಿಲ್ಲ. ಮದುವೆ ಪಂಕ್ತಿಗೆ ಕೂತವರ ಹಾಗೆ ನೆಟ್ಟಗೆ ಕೂತಿದ್ದವು.

ಇವು ಹೇಗೆ ಸೊಟ್ಟಗಾಗಿಲ್ಲ ಎಂದು ಕೇಳಿದೆ. ಅವರು ಸಂಕೋಚವಿಲ್ಲದೆ ಹೇಳಿದರು. ಅಂಗಡಿಯವರಿಗೆ ತೋರಿಸಲು, ಮೇಳಗಳಲ್ಲಿ ಇಡಲು, ಬಂದ ದೊಡ್ಡವರ ಕೈಗೆ ಕೊಡಲು ಬೇರೆ ಬಾಟಲಿ ಬೇಕಲ್ಲ. ಅವಕ್ಕೆ ಪಾನಕ ಆರಿಸಿ ತಣ್ಣಗೆ ತುಂಬಿಸುತ್ತಾರೆ. ಬೇಗ ಕೆಡುತ್ತವೆ, ಆಗಾಗ ಬದಲಾಯಿಸುತ್ತಾರೆ, ಅಷ್ಟೇ.

"ಹೊರಗಿನ ಮಂದಿಗೆ ನೆಟ್ಟಗಿಂದು, ಒಳಗಿನ ಮಂದಿಗೆ ಸೊಟ್ಟಂದು," ಎಂದೆ.

"ಎಲ್ಲಾ ಕಡೆ ಹಂಗ ಅದ ಬಿಡ್ರಿ," ಎಂದು ನಕ್ಕರು.

ಎದ್ದು ಕಪಾಟಿನ ಹತ್ತಿರ ಹೋದೆ. ಅಂದಕ್ಕೆ ಅಂತ ಮುಚ್ಚಳದ ಬಣ್ಣ ನೋಡಿ ಜೋಡಿಸಿದ್ದರು. ಕೆಂಪು, ಹಳದಿ, ನೀಲಿ, ಆಮೇಲೆ ಖಾಲಿ ಜಾಗ. ಮತ್ತೆ ಕೆಂಪು, ಹಳದಿ, ನೀಲಿ, ಮತ್ತೆ ಖಾಲಿ. ಇಡೀ ಕಪಾಟಿನಲ್ಲಿ ಹಸಿರು ಮುಚ್ಚಳದ್ದು ಒಂದೂ ಉಳಿದಿರಲಿಲ್ಲ. ಹೆದ್ದಾರಿಯ ಧೂಳು ಗಾಜಿನ ಹಲಗೆಗೂ ಬಂದು ಕೂತಿತ್ತು. ಮೊದಲನೇ ಖಾಲಿ ಜಾಗದ ದುಂಡು ಗುರುತಿನ ಮೇಲೆ ತೆಳ್ಳಗೆ ಹೊಸ ಧೂಳು ಹರಡಿತ್ತು. ಎರಡನೆಯದು ಒರೆಸಿದ ಹಾಗೆ ಹೊಳೆಯುತ್ತಿತ್ತು.

ನಾನು ತಿರುಗಿ ಬಂದು, ಕುದಿಯುತ್ತಿದ್ದ ಕೆಟಲ್ ಎತ್ತಿ, ತಂದಿದ್ದ ಖಾಲಿ ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟು ನೀರು ಸುರಿದೆ. ಬಾಟಲಿ ಹೆಗಲು ಕುಗ್ಗಿಸಿತು, ಸೊಂಟ ತಿರುಚಿತು, ಕತ್ತು ಬಗ್ಗಿಸಿ ಅವರ ಕಡೆಗೇ ವಾಲಿತು. ಬಿಸಿನೀರು ಅವರ ಕಾಗದಗಳ ಮೇಲೆ ಹರಿಯಿತು. ಅವರು ಕುರ್ಚಿ ಹಿಂದಕ್ಕೆ ಸರಿಸಿದರು, ಅಷ್ಟೇ.

"ಪೊಲೀಸರ ಹಂತೇಕ ಇರೋ ಬಾಟಲಿ ಹಿಂಗ ಆಗಿಲ್ಲ ಶ್ರೀನಿವಾಸರಾಯರೇ," ಎಂದೆ. "ಅದು ನಿಮ್ಮ ಕಪಾಟಿಂದು. ಶಂಕ್ರಮ್ಮನ ಮೇಜಿಂದಲ್ಲ."

ಅವರು ಕರವಸ್ತ್ರ ತೆಗೆದು ಮೇಜು ಒರೆಸತೊಡಗಿದರು. ಒರೆಸುತ್ತಲೇ ತಲೆಯೆತ್ತಿ ಗೋಡೆ ಗಡಿಯಾರ ನೋಡಿದರು. ಆಗ ನನಗೆ ಅದು ಮನುಷ್ಯ ಯೋಚಿಸುವ ರೀತಿ ಎಂದಷ್ಟೇ ಕಂಡಿತು. ಕಪಾಟಿನ ಬೀಗದ ಕೈ ಹೇಮಂತನ ಹತ್ತಿರ ಇರುತ್ತದೆ, ಅವನ ಕೆಲಸಕ್ಕೆ ತಾವು ಕೈ ಹಾಕುವುದಿಲ್ಲ, ಸುಶಾಂತ ಹೋದದ್ದು ತಮಗೆ ಮನೆಯ ಮಗ ಹೋದ ಹಾಗೆ ಎಂದರು. ಮನೆಯ ಮಗನ ಸಾವಿನ ಮರುದಿನವೂ ಮೇಜುಗಳು ನಿಂತಿರಲಿಲ್ಲ ಎಂಬುದನ್ನು ನಾನು ನೆನಪಿಸಿದೆ.

ಸುಶಾಂತ ಆಹಾರ ಇಲಾಖೆಗೆ ಏನೋ ದೂರು ಬರೆಯುವವನಿದ್ದ ಎಂದು ಸಂಪದಾ ಹೇಳಿದ್ದಳು, ಅದು ಈ ಬಾಟಲಿಯ ವಿಷಯವೇ, ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು ಎಂದರು. ತಡೆದಿರೇ? ಇಲ್ಲ, ಕೂಡಿಸಿಕೊಂಡು ಮಾತನಾಡಿದೆವು, ಹುಡುಗ ಒಪ್ಪಿದ ಎಂದರು. ಒಪ್ಪಿದವನ ಕೈಗೆ ಅತಿಥಿಗಳ ಬಾಟಲಿ ಕೊಟ್ಟಿದ್ದರು. ಆ ಬಡಪಾಯಿ ಅದನ್ನು ಮರ್ಯಾದೆ ಅಂದುಕೊಂಡು ಮನೆಗೆ ಒಯ್ದು ಹೆಂಡತಿಗೆ ತೋರಿಸಿದ್ದ. 

ನಾನು ಕೇಳಿದ್ದು ಒಂದೇ. ಈಗಲೇ ನನ್ನ ಜೊತೆ ಕೋರ್ಟಿಗೆ ಬಂದು, ಈ ಬಾಟಲಿ ಬಿಸಿ ತಡೆಯುವುದಿಲ್ಲ, ನಮ್ಮ ಮೇಜುಗಳಲ್ಲಿ ತುಂಬಿದ ಯಾವ ಬಾಟಲಿಯೂ ನೆಟ್ಟಗೆ ಉಳಿಯುವುದಿಲ್ಲ ಎಂಬ ಒಂದು ಮಾತನ್ನು ನ್ಯಾಯಾಧೀಶರೆದುರು ಹೇಳಬೇಕು. ಶಂಕ್ರಮ್ಮ ಹೊರಬರಲು ಅಷ್ಟು ಸಾಕು.

ಅವರು ಒದ್ದೆ ಕಾಗದಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟರು. ಮಾತನಾಡಿದಾಗ ದನಿ ಇನ್ನೂ ಮೆತ್ತಗಾಗಿತ್ತು.

"ಆ ಮಾತು ನಾ ಆಡಿದ ದಿನ ಕಾರ್ಖಾನಿ ಬಾಗಿಲಾ ಹಾಕತದ. ಇಲ್ಲಿ ದುಡಿಯೋ ಇಷ್ಟು ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕ್ರಿ? ಒಬ್ಬಾಕಿ ಸಲುವಾಗಿ ಎಲ್ಲಾರ ಹೊಟ್ಟಿ ಮ್ಯಾಲೆ ಹೊಡೀಬೇಕೇನು?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಆ ಹೆಣ್ಣುಮಕ್ಕಳ ಹೊಟ್ಟೆಯ ಚಿಂತೆ ಇದ್ದವರು ಬಿಳಿ ಕತ್ತಿನ ಬಾಟಲಿ ನಿಲ್ಲಿಸುತ್ತಿರಲಿಲ್ಲ ಎಂದೆ. ಹಾಸ್ಟೆಲಿನ ಹುಡುಗಿಯರಿಗೂ ಹೊಟ್ಟೆ ಇತ್ತು ಎಂದೆ. ಕಾರ್ಖಾನೆ ಮುಚ್ಚಿದರೆ ಕೆಲಸ ಹೋಗುತ್ತದೆ, ಅವರು ಬೇರೆ ಕಡೆ ಗಾರೆ ಕೆಲಸವಾದರೂ ಹುಡುಕಿಯಾರು. ಶಂಕ್ರಮ್ಮನಿಗೆ ಹುಡುಕಲು ಬೇರೆ ಜೀವ ಇಲ್ಲ. ನನ್ನ ದನಿ ತುಂಬುವ ಹಾಲ್‌ವರೆಗೂ ಕೇಳಿರಬೇಕು, ಹೊರಗೆ ಮೇಜುಗಳ ಸದ್ದು ನಿಂತಿತು.

ಆ ಮನುಷ್ಯ ನನ್ನ ಮುಖ ನೋಡದೆ ಮತ್ತೆ ಗಡಿಯಾರ ನೋಡಿದರು.

ಈ ಸಲ ನಾನೂ ನೋಡಿದೆ. ಕೋರ್ಟು ಮಧ್ಯಾಹ್ನದ ಕೆಲಸಕ್ಕೆ ಕೂರುವ ಹೊತ್ತಾಗಿತ್ತು. ನಾನು ಬಂದಾಗಿನಿಂದ ಇವರು ಚಹಾ ಎನ್ನುತ್ತಿದ್ದಾರೆ, ಮೇಜು ಒರೆಸುತ್ತಿದ್ದಾರೆ, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದಾರೆ. ಕೊಲೆಯ ಮಾತೆತ್ತಿದ ಹೆಂಗಸನ್ನು ಯಾವ ಮಾಲೀಕ ಇಷ್ಟು ಹೊತ್ತು ಕೂರಿಸಿಕೊಳ್ಳುತ್ತಾನೆ?

"ಎರಡನೇ ಹಸಿರು ಬಾಟಲಿ ಎಲ್ಲೈತಿ?" ಎಂದೆ.

ಯಾರೋ ಬಂದವರಿಗೆ ಹೇಮಂತ ಕೊಟ್ಟಿರಬೇಕು ಎಂದರು. ಯಾವಾಗ? ನೆನಪಿಲ್ಲ ಎಂದರು. ಆ ದುಂಡು ಗುರುತಿನ ಮೇಲೆ ಧೂಳು ಕೂತಿರಲಿಲ್ಲ. ಹೆದ್ದಾರಿಯ ಪಕ್ಕದ ಈ ಕಟ್ಟಡದಲ್ಲಿ ಬೆಳಿಗ್ಗೆ ಒರೆಸಿದ್ದು ಸಂಜೆಗೆ ಮಬ್ಬಾಗುತ್ತದೆ. ಬಾಟಲಿ ಅಲ್ಲಿಂದ ಎದ್ದದ್ದು ಇವತ್ತೇ. ಇವತ್ತು ಬೆಳಗಿನಿಂದ ಹೇಮಂತ ಕಾರ್ಖಾನೆಯಲ್ಲೇ ಇಲ್ಲ.

ಇವತ್ತು ಇಲ್ಲಿಂದ ಬಾಟಲಿ ಹೊತ್ತುಕೊಂಡು ಹೊರಗೆ ಹೋದವರಲ್ಲಿ ನಾನು ಕಣ್ಣಾರೆ ನೋಡಿದ್ದು ಒಬ್ಬಳನ್ನೇ. ಪೇಪರಿನಲ್ಲಿ ಸುತ್ತಿದ್ದಳು. ಕೆಲಸದವರ ಕೈಯಲ್ಲಿ ಇರುವುದು ಸೊಟ್ಟ ಬಾಟಲಿಯೇ ಅಲ್ಲವೇ, ಬಿಚ್ಚಿ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ. ಗೇಟಿನ ಹತ್ತಿರ ಅದು ನನಗೆ ಬರೀ ಪಾನಕವಾಗಿ ಕಂಡಿತ್ತು. ಕೋರ್ಟಿನ ಪಡಸಾಲೆಯಲ್ಲಿ ಶಂಕ್ರಮ್ಮ ಅದನ್ನು ಕುಡಿದು ಬಿದ್ದರೆ, ಮಾಡಿದ ಪಾಪ ತಾಳಲಾರದೆ ತಂಗಿಯ ಕೈಲೇ ವಿಷ ತರಿಸಿಕೊಂಡಳು ಎಂದು ನಾಳೆ ಪತ್ರಿಕೆಯಲ್ಲಿ ಬರುತ್ತದೆ. ಕೇಸೂ ಮುಗಿಯುತ್ತದೆ, ಬಾಟಲಿಯ ಮಾತೂ ಮುಗಿಯುತ್ತದೆ. ಇನ್ಸ್‌ಪೆಕ್ಟರ್ ಬೇಗ ಮನೆಗೆ ಹೋಗುತ್ತಾರೆ.

ಸಾಬಮ್ಮನ ನಂಬರಿಗೆ ಫೋನು ಹಚ್ಚಿದೆ. ರಿಂಗಾಗಿ ನಿಂತಿತು. ಮತ್ತೆ ಹಚ್ಚಿ, ಸ್ಪೀಕರ್ ಹಾಕಿ ಒದ್ದೆ ಮೇಜಿನ ಮೇಲಿಟ್ಟೆ. ಶ್ರೀನಿವಾಸರು ಕರವಸ್ತ್ರವನ್ನು ನೀಟಾಗಿ ಮಡಿಸುತ್ತಿದ್ದರು.

"ಹೇಳ್ರಿ ಬಾಯಾರ." ಸುತ್ತ ಜನರ ಗದ್ದಲ, ನಡುವೆ ಸಾಬಮ್ಮನ ದನಿ. "ಅಕ್ಕನ್ನ ಕರಕೊಂಡು ಬಂದಾರ್ರಿ. ಪೊಲೀಸಬಾಯಿ ಭಾಳ ಛಲೋ ಅದಾಳ, ಕುಂತು ಉಣ್ರಿ ಅಂದ್ಳು."

"ಸಾಬಮ್ಮ, ನಾ ಕೇಳಿದಷ್ಟಽ ಹೇಳು. ನಿನ್ನ ಚೀಲದಾಗಿನ ಬಾಟಲಿ ಸೊಟ್ಟ ಐತೋ, ನೆಟ್ಟಗೈತೋ?"

ಅವಳು ನಾಚಿಕೊಂಡು ನಕ್ಕಳು. ಆ ನಗೆಯಲ್ಲಿ ಹೆಮ್ಮೆ ಇತ್ತು.

"ನೆಟ್ಟಗೈತ್ರಿ. ದೊಡ್ಡ ಸಾಹೇಬ್ರು ತಮ್ಮ ಕೈಲೇ ಗಾಜಿನ ಕಪಾಟ ತಗದು ಕೊಟ್ರು. ಬಿಸಲಾಗ ನಿಮ್ಮಕ್ಕ ತಣ್ಣಗ ಕುಡೀಲಿ ಅಂದ್ರು. ನಮ್ಮಂಥಾರಿಗೆ ಹಂಥಾದು ಯಾರು ಕೊಡತಾರ್ರಿ? ಅಕ್ಕಗೂ ಭಾಳ ಖುಷಿ ಆತು."

ನಾನು ತಲೆಯೆತ್ತಿದೆ. ಬೀಗದ ಕೈ ತನ್ನ ಹತ್ತಿರ ಇಲ್ಲ ಎಂದ ಮನುಷ್ಯ ಮಡಿಸಿದ ಕರವಸ್ತ್ರವನ್ನು ಜೇಬಿಗಿಟ್ಟುಕೊಂಡು, ಎದ್ದು ಹೋಗಿ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಆಕೀ ಕೈಯಾಗಿಂದ ಅದನ್ನ ಕಸಗೋ ಸಾಬಮ್ಮ," ಎಂದೆ. "ಒಂದು ಹನಿ ಸೈತ ಬಾಯಿಗೆ ಹೋಗಬಾರದು. ಕಸಗೊಂಡು ನೆಲಕ್ಕ ಇಡು."

ಆ ಕಡೆ ಫೋನು ಕೈಯಿಂದ ಕೈಗೆ ಹೋದ ಸದ್ದು. ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಶಂಕ್ರಮ್ಮನ ಒರಟು ದನಿ ಕೇಳಿತು, ಜೈಲಿನ ಜಾಲರಿಯ ಆಚೆಯಿಂದ ನಾನು ಒಂದೇ ಸಲ ಕೇಳಿದ್ದ ದನಿ.

"ಬಾಯಾರ, ನಮ್ಮ ಮೇಜಿನ ಪಾನಕ ಹಿಂಗ ಇರಂಗಿಲ್ರಿ," ಎಂದಳು. "ಇದ್ಯಾಕ ಇಷ್ಟು ಕಹಿ ಐತಿ?"